ಗಿಣ್ಣು ತಿನ್ನಲು ಹೋಗಿ ಗೋಪಾಲಸ್ವಾಮಿ ಬೆಟ್ಟ ಹತ್ತಿದ್ದು

ಆಷಾಢ ಬಂತೆಂದರೆ ಮೈಸೂರಿನ ನನ್ನ ಹೊಲಿಗೆ ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ. ಮದುವೆಗಳಿಲ್ಲದಿದ್ದರೆ ರವಿಕೆಗಳೂ ಇಲ್ಲ. ಅಂಥದೊಂದು ಮಧ್ಯಾಹ್ನ ತಂಗಿ ಸುಧಾಮಣಿ ಫೋನ್ ಮಾಡಿ, ಅವಳ ಹಸು ಚೆನ್ನಿ ಕರು ಹಾಕಿ ಐದು ದಿನವಾಯಿತು, ಈ ಸಲವೂ ಹೆಣ್ಣು, ಗಿಣ್ಣಿನ ಹಾಲು ಫ್ರಿಜ್ಜಿನಲ್ಲಿದೆ, ಬೇಕಾದರೆ ಬಾ ಎಂದಳು. ಬೇಕಾದರೆ ಎನ್ನುವ ಮಾತನ್ನು ಅವಳು ತಮಾಷೆಗೆ ಹೇಳಿದ್ದು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣಿಗಾಗಿ ನಾನು ಎಲ್ಲಿಗೆ ಬೇಕಾದರೂ ಹೋಗುತ್ತೇನೆಂಬುದು ನಮ್ಮ ನೆಂಟರಿಷ್ಟರಿಗೆಲ್ಲ ಗೊತ್ತು. ಮುಚ್ಚಳ ಬಿಗಿಯಾಗಿ ಕೂರುವ ನನ್ನ ದೊಡ್ಡ ಸ್ಟೀಲ್ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಮರುದಿನ ಬೆಳಿಗ್ಗೆಯೇ ಹೊರಟೆ.

ಚಾಮರಾಜನಗರದ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಟಿಕೆಟ್ಟಿನ ಬೆಲೆ ನಮ್ಮ ಬೀದಿಯ ಹೋಟೆಲಿನ ಒಂದು ಪ್ಲೇಟ್ ಇಡ್ಲಿಗಿಂತ ಕಡಿಮೆ. ನಂಜನಗೂಡಿನ ಹೊಳೆ ಕೆಂಪಾಗಿ ತುಂಬಿತ್ತು. ಅಲ್ಲಿಂದ ಮುಂದೆ ಮಳೆ ನಿಂತು, ತೋಟಗಳ ಮೇಲೆ ತಣ್ಣನೆಯ ಗಾಳಿ ಮಾತ್ರ ಇತ್ತು. ಎದುರಿಗೆ ಕೂತಿದ್ದ ಹೆಂಗಸು ಒಂದು ಮೂಟೆ ಖಾಲಿ ಚೀಲಗಳನ್ನು ಕಾಲಿನಡಿ ಇಟ್ಟುಕೊಂಡು ಕೊನೆಯ ಸ್ಟೇಷನ್ನಿನವರೆಗೂ ನಿದ್ದೆ ಮಾಡಿದಳು. ಚಾಮರಾಜನಗರದಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ಹತ್ತಿರ ಖಾಲಿ ದೋಸೆ ತಿಂದು, ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್ಟು. ಹಾಗಾಗಿ ಬಸ್ಸಿನ ತುಂಬ ನಾವೇ ಇದ್ದೆವು. ಕಾಸು ಕೊಟ್ಟ ಗಂಡಸರು ಕಂಬಿ ಹಿಡಿದು ನಿಂತು ನಮ್ಮ ಕಡೆ ನೋಡುತ್ತಿದ್ದರು.

ಸುಧಾಳ ಊರು ತೆರಕಣಾಂಬಿ ದಾಟಿದ ಮೇಲೆ ಸಿಗುತ್ತದೆ. ರಸ್ತೆಯ ಎರಡೂ ಬದಿ ಚೆಂಡುಹೂವಿನ ಹೊಲ, ಅರಿಸಿನದ ಹೊಲ, ನಡುನಡುವೆ ಸಣ್ಣ ಈರುಳ್ಳಿ. ಸ್ಟಾಪಿನಲ್ಲಿ ಸುಧಾ ಹಾಲಿನ ಖಾಲಿ ಕ್ಯಾನು ಹಿಡಿದು ಕಾಯುತ್ತಿದ್ದಳು. ನನ್ನ ಬ್ಯಾಗಿನ ಭಾರ ನೋಡಿದ ತಕ್ಷಣ, "ಡಬ್ಬಿ ತಂದಿದೀಯ ಅಲ್ವಾ" ಎಂದಳು. ನಾನು ತಂಗಿಯನ್ನು ನೋಡಲು ಬಂದವಳು ಎಂದೆ. ಅವಳು ನಂಬಲಿಲ್ಲ.

ಅವಳ ಗಂಡ ನಾಗೇಶ ಹೂವಿನ ಲೋಡಿನ ಜೊತೆ ಹೋಗಿದ್ದ. ಮನೆಯಲ್ಲಿ ಇದ್ದವರು ಅವಳ ಅತ್ತೆ ಪುಟ್ತಾಯಮ್ಮ. ಎಪ್ಪತ್ತು ದಾಟಿದ, ನೆಟ್ಟಗಿನ ಬೆನ್ನಿನ, ಮಾತಿಗೆ ನಿಂತರೆ ಯಾರನ್ನೂ ಬಿಡದ ಹೆಂಗಸು. ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಕರು ತೋರಿಸಿದರು. ಕಪ್ಪು ಬಿಳುಪಿನ, ಹಣೆಯ ಮೇಲೊಂದು ಬಿಳಿ ಚುಕ್ಕೆಯ ಪುಟ್ಟ ಹೆಣ್ಣುಕರು. ಅದರ ಅಕ್ಕ, ಹೋದ ಸಲ ಹುಟ್ಟಿದ್ದು, ಪಕ್ಕದ ಗೂಟದಲ್ಲಿ ಹುಲ್ಲು ಜಗಿಯುತ್ತಿತ್ತು. ಎಷ್ಟು ಚೆನ್ನಾಗಿದೆ ಎಂದು ನಾನು ಹೊಗಳಿದರೆ ಪುಟ್ತಾಯಮ್ಮ, "ಚೆಂದಾಗದೆ ಕಣವ್ವ" ಎಂದಷ್ಟೇ ಹೇಳಿ ಚೆನ್ನಿಯ ಬೆನ್ನು ಸವರಿದರು. ಕರುವಿನ ಕಡೆ ತಿರುಗಿ ನೋಡಲಿಲ್ಲ.

ಗಿಣ್ಣು ಬಂತು. ನಾನು ಒಂದು ಬಟ್ಟಲು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ ಮೇಲೆ ಗಮನಿಸಿದೆ, ಪುಟ್ತಾಯಮ್ಮನ ಮುಂದೆ ಬಟ್ಟಲೇ ಇರಲಿಲ್ಲ. ಅವರು ಕರೀಕಾಫಿ ಕುಡಿಯುತ್ತಿದ್ದರು. ಸುಧಾ ಅಡುಗೆಮನೆಯಲ್ಲಿ ಹೇಳಿದಳು: ಹೋದ ಸಲದ ಕರು ಹುಟ್ಟಿದಾಗಿನಿಂದ ಅವರು ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ಕೇಳಿದರೆ ಹೊಟ್ಟೆಗೆ ಆಗುವುದಿಲ್ಲ ಎನ್ನುತ್ತಾರೆ. ಡಾಕ್ಟರ ಹತ್ತಿರ ಬನ್ನಿ ಎಂದರೆ ಬರುವುದಿಲ್ಲ. ಒಂದು ಕಾಲಕ್ಕೆ ಗಿಣ್ಣಿನ ಪಾತ್ರೆಯ ತಳ ಕೆರೆದು ತಿನ್ನುತ್ತಿದ್ದವರಂತೆ. ನನಗೆ ಕನಿಕರವಾಯಿತು. ಎರಡನೆಯ ಬಟ್ಟಲನ್ನು ಆದಷ್ಟು ಬೇಗ ಮುಗಿಸಿದೆ.

ಸಂಜೆ ಡೈರಿಗೆ ಹಾಲು ಹಾಕಲು ಹೋಗುವಾಗ ಸುಧಾ ತನ್ನ ಗುಟ್ಟು ಬಿಚ್ಚಿದಳು. ಎರಡು ಸಲವೂ ಹೆಣ್ಣುಕರು ಹುಟ್ಟಿದ್ದು ಅದೃಷ್ಟವಲ್ಲ, ಅವಳೇ ಕೇಳಿ ಹಾಕಿಸಿದ್ದು. ಹಸುಗಳಿಗೆ ಗಬ್ಬದ ಇಂಜೆಕ್ಷನ್ ಕೊಡಲು ಬೈಕಿನಲ್ಲಿ ಬರುವ ಲೋಕೇಶನ ಹತ್ತಿರ ಈಗ ಎರಡು ಬಗೆಯ ವೀರ್ಯದ ಕಡ್ಡಿಗಳಿವೆ. ಒಂದು ಮಾಮೂಲಿ. ಅದರಲ್ಲಿ ಹೆಣ್ಣೂ ಆಗಬಹುದು, ಗಂಡೂ ಆಗಬಹುದು. ಇನ್ನೊಂದು ಹೆಣ್ಣುಕರುವಿಗೇ ಎಂದು ಆರಿಸಿದ್ದು. ಬೆಲೆ ಹೆಚ್ಚು, ಅರ್ಧ ಸರ್ಕಾರ ಹಾಕುತ್ತದೆ.

ಡೈರಿಯ ಮುಂದೆ ಲೋಕೇಶನೇ ಸಿಕ್ಕ. ಕಡ್ಡಿಗಳನ್ನು ತಣ್ಣಗಿಡುವ, ಹೊಗೆಯಾಡುವ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡಿದ್ದ. ಇದನ್ನು ಆರಿಸುವುದು ಹೇಗಪ್ಪ ಎಂದು ಕೇಳಿದೆ. ಹೆಣ್ಣಾಗುವ ವೀರ್ಯಾಣುವಿನಲ್ಲಿ ಗಂಡಾಗುವುದಕ್ಕಿಂತ ತುಸು ಹೆಚ್ಚು ಸರಕಿರುತ್ತದಂತೆ. ಲ್ಯಾಬಿನಲ್ಲಿ ಒಂದು ಬಣ್ಣ ಹಾಕಿ ಲೇಸರ್ ಬೆಳಕು ಬಿಟ್ಟರೆ ಹೆಣ್ಣಿನದು ಸ್ವಲ್ಪ ಜಾಸ್ತಿ ಹೊಳೆಯುತ್ತದೆ. ಯಂತ್ರ ಅವುಗಳನ್ನು ಒಂದೊಂದಾಗಿ ನೋಡಿ ಇದು ಈ ಕಡೆ, ಅದು ಆ ಕಡೆ ಎಂದು ಬೇರೆ ಮಾಡುತ್ತದೆ. ಹತ್ತು ಕರು ಹುಟ್ಟಿದರೆ ಒಂಬತ್ತು ಹೆಣ್ಣು. ಎಲ್ಲೋ ಒಂದು ತಪ್ಪಿ ಗಂಡಾಗುತ್ತದೆ, ಆಗ ಊರವರೆಲ್ಲ ತನ್ನನ್ನೇ ಬೈಯುತ್ತಾರೆ ಎಂದ. ನಾನು ಹೊಲಿಗೆ ಅಂಗಡಿಯಲ್ಲಿ ಬಣ್ಣಕ್ಕೆ ಬಣ್ಣ ಹೊಂದಿಸಿ ದಾರದ ಉಂಡೆ ಆರಿಸುವವಳು. ಆದರೂ ಇಷ್ಟು ಸೂಕ್ಷ್ಮದ ಆಯ್ಕೆ ನನ್ನ ಊಹೆಗೆ ಮೀರಿತ್ತು.

ಮನುಷ್ಯರಲ್ಲಿ ಹೆಣ್ಣೋ ಗಂಡೋ ಎಂದು ಮೊದಲೇ ನೋಡಿದರೆ ಜೈಲು, ಹಸುವಿಗಾದರೆ ಸಬ್ಸಿಡಿ. ಹೆಣ್ಣೇ ಹುಟ್ಟಲಿ ಎಂದು ಮನೆಮಂದಿಯೆಲ್ಲ ಕಾಯುವ ಜಾಗ ನಮ್ಮಲ್ಲಿ ಕೊಟ್ಟಿಗೆ ಒಂದೇ ಎಂದು ನಾನು ಸುಧಾಳನ್ನು ರೇಗಿಸಿದೆ. ಅವಳು ನಗಲಿಲ್ಲ.

"ಚೆನ್ನಿಗೆ ಮೊದಲು ಹುಟ್ಟಿದ್ದೆಲ್ಲ ಗಂಡುಕರಾನೇ ಅಕ್ಕ. ಕಟ್ಟಿ ಸಾಕೋಕಾಗಲ್ಲ, ಉಳೋಕೆ ಟ್ರ್ಯಾಕ್ಟರ್ ಬಂದದೆ. ಯಾರಾದ್ರೂ ಬಂದು ಹಗ್ಗ ಹಿಡ್ಕೊಂಡು ಹೋಗೋರು. ಎಲ್ಲಿಗೆ ಅಂತ ನಾವು ಕೇಳ್ತಿರ್ಲಿಲ್ಲ, ಅವ್ರೂ ಹೇಳ್ತಿರ್ಲಿಲ್ಲ. ಚೆನ್ನಿ ಮೇವು ಬಿಟ್ಟು ಕೂಗೋಳು. ನನ್ನ ಕೈಲಿ ಅದ ಕೇಳೋಕಾಗಲ್ಲ."

ಅತ್ತೆಗೆ ಇದನ್ನು ಯಾಕೆ ಹೇಳಿಲ್ಲ ಎಂದು ಕೇಳಿದೆ. ಹೆಣ್ಣು ಗಂಡು ದೇವರು ಕೊಡುವುದು, ಆರಿಸೋಕೆ ಇವಳ್ಯಾರು ಎಂದು ನೊಂದುಕೊಳ್ಳುತ್ತಾರೆ ಎಂದಳು. ಲೋಕೇಶನಿಗೂ ಬಾಯಿ ಬಿಡಬೇಡ ಎಂದು ಹೇಳಿಟ್ಟಿದ್ದಾಳೆ. ನನಗೂ ಅದೇ ಅಪ್ಪಣೆಯಾಯಿತು.

ಮರುದಿನ ಬೆಟ್ಟಕ್ಕೆ ಹೋಗುವ ಮಾತು ಬಂದದ್ದು ಪುಟ್ತಾಯಮ್ಮನಿಂದಲೇ. ಚೆನ್ನಿ ಕರು ಹಾಕಿದ ಮೇಲೆ ಗೋಪಾಲಸ್ವಾಮಿಗೆ ಒಂದು ನಮಸ್ಕಾರ ಹಾಕಿ ಬರಬೇಕು, ಮೈಸೂರಿನಿಂದ ನೆಂಟರೂ ಬಂದಿದ್ದಾರೆ, ಓಗನ ಎಂದರು. ಬೆಳಗಿನ ಹಾಲು ಕರೆದು, ಪಕ್ಕದ ಮನೆಯವರಿಗೆ ಕೊಟ್ಟಿಗೆ ಒಪ್ಪಿಸಿ ನಾವು ಮೂವರೂ ಗುಂಡ್ಲುಪೇಟೆಯ ಬಸ್ಸು ಹಿಡಿದೆವು.

ಗುಂಡ್ಲುಪೇಟೆಯಲ್ಲಿ ಈರುಳ್ಳಿ ಲಾರಿಗಳು ರಸ್ತೆಯ ಮುಕ್ಕಾಲು ಪಾಲು ಆಕ್ರಮಿಸಿದ್ದವು. ಕೇರಳದ ಕಡೆಗೆ ತರಕಾರಿ ಹೊತ್ತು ಹೊರಟ ಗಾಡಿಯ ಡ್ರೈವರೊಬ್ಬ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಟೀ ಅಂಗಡಿಯವನ ಹತ್ತಿರ ಜಗಳವಾಡುತ್ತಿದ್ದ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಅಲ್ಲಿ ತಿಂದ ಇಡ್ಲಿ ಮೆತ್ತಗಿತ್ತು, ಚಟ್ನಿಗೆ ಖಾರ ಹೆಚ್ಚಾಗಿತ್ತು. ಹಂಗಳದ ಕಡೆ ತಿರುಗಿದ ಮೇಲೆ ಸೂರ್ಯಕಾಂತಿ ಹೊಲಗಳು ಶುರುವಾದವು. ಹೊಲದೊಳಗೆ ನಿಂತು ಫೋಟೋ ತೆಗೆಸಿಕೊಳ್ಳಲು ಕಾರುಗಳು ಸಾಲುಗಟ್ಟಿದ್ದವು. ಒಂದು ಹೊಲದ ಯಜಮಾನ ಕುರ್ಚಿ ಹಾಕಿಕೊಂಡು ಒಳಗೆ ಬಿಡಲು ತಲೆಗಿಷ್ಟು ಎಂದು ವಸೂಲಿ ಮಾಡುತ್ತಿದ್ದ. ಬೆಳೆಗಿಂತ ಇದೇ ಲಾಭ ಎಂದು ಪುಟ್ತಾಯಮ್ಮ ಮೆಚ್ಚಿಕೊಂಡರು.

ಬೆಟ್ಟದ ಬುಡದಲ್ಲಿ ಸ್ವಂತ ಗಾಡಿಗಳನ್ನು ನಿಲ್ಲಿಸಿಬಿಡುತ್ತಾರೆ. ಅಲ್ಲಿಂದ ಮೇಲಕ್ಕೆ ಕಾಡಿನೊಳಗೆ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಇಲ್ಲಿ ಹೆಂಗಸರಿಗೂ ಕಾಸು, ಹೋಗಿ ಬರಲು ತಲೆಗೆ ಅರವತ್ತು ರೂಪಾಯಿ. ಸುಧಾಗೆ ಮುಂದಿನ ಸೀಟು ಸಿಕ್ಕಿತು, ನಾನು ಮತ್ತು ಪುಟ್ತಾಯಮ್ಮ ಹಿಂದೆ ಕೂತೆವು. ಎರಡು ತಿರುವು ಕಳೆಯುವಷ್ಟರಲ್ಲಿ ಮಂಜು ಕವಿದು ಕಿಟಕಿಯಾಚೆ ಏನೂ ಕಾಣದಾಯಿತು. ಆಗ ಅವರು ನನ್ನ ಕೈ ಹಿಡಿದುಕೊಂಡು ತಗ್ಗಿದ ದನಿಯಲ್ಲಿ ಮಾತು ತೆಗೆದರು.

ಹರಕೆಯನ್ನು ತೀರಿಸುವ ತನಕ ಮನೆಯವರ ಹತ್ತಿರ ಆಡಬಾರದು, ಅದು ಅವರ ಮನೆಯ ಪದ್ಧತಿ. ನಾನು ಹೊರಗಿನವಳಾದ್ದರಿಂದ ದೋಷವಿಲ್ಲ. ಚರ್ಮಗಂಟು ರೋಗ ಬಂದು ಊರಿನ ಎಷ್ಟೋ ದನಗಳು ಮಲಗಿದಾಗ ಚೆನ್ನಿಯೂ ಮಲಗಿತ್ತಂತೆ, ಏಳುವ ಆಸೆಯೇ ಇರಲಿಲ್ಲವಂತೆ. ಆಗ ಅವರು ಗೋಪಾಲಸ್ವಾಮಿಗೆ ಕೈಮುಗಿದು, ಇವಳನ್ನು ಉಳಿಸಿಕೊಡು, ಇವಳ ಹೊಟ್ಟೆಯಲ್ಲಿ ಹುಟ್ಟುವ ಗಂಡುಕರುವನ್ನು ನಿನ್ನ ಹೆಸರಿನಲ್ಲಿ ಊರಿಗೆ ಬಸವನಾಗಿ ಬಿಡುತ್ತೇನೆ ಎಂದು ಹರಸಿಕೊಂಡಿದ್ದರು. ಚೆನ್ನಿ ಎದ್ದು ನಿಂತಿತು.

"ಒಂದಲ್ಲ ಎಲ್ಡು ಸಲ ಎಣ್ಣೇ ಉಟ್ತು ಕಣವ್ವ. ಅದಕ್ ಮುಂಚೆ ಬರೀ ಗಂಡು ಆಕ್ತಿದ್ದೋಳು ಇವ. ನಾನು ಬಾಯ್ ಬುಟ್ಟು ಕೇಳ್ದ್ ಮ್ಯಾಲೆ ಗಂಡೇ ಇಲ್ಲ. ನನ್ ಕೈಯಿಂದ ಈಸ್ಕಳಕೆ ಅವನ್ಗೆ ಇಷ್ಟ ಇಲ್ಲ. ಕೊಟ್ಟ ಮಾತು ನಡೀದೆ ಓದ್ರೆ ಚೆನ್ನೀನೇ ವಾಪಸ್ ತಕ್ಕಂಡಾನೇನೋ."

ಸಲ್ಲಬೇಕಾದ್ದು ಸಲ್ಲದೆ ಅವಳ ಹಾಲು ಕುಡಿಯುವುದು ಹೇಗೆಂದು, ಮೊದಲ ಹೆಣ್ಣುಕರು ಹುಟ್ಟಿದ ದಿನವೇ ಹಾಲು ಬಿಟ್ಟರಂತೆ. ಅದು ಹರಕೆಯ ಭಾಗವಲ್ಲ, ತಾವೇ ಹಾಕಿಕೊಂಡ ದಂಡ. ಇವತ್ತು ಬೆಟ್ಟಕ್ಕೆ ಬಂದದ್ದು ಏನು ತಪ್ಪಾಯಿತೆಂದು ಅವನನ್ನೇ ಕೇಳಲು. ಹೇಳುತ್ತಾ ಅವರ ಕಣ್ಣಲ್ಲಿ ನೀರು ಬಂತು. ನನಗೂ ಸಂಕಟವಾಯಿತು. ಅತ್ತೆ ಸೊಸೆ ಇಬ್ಬರ ಗುಟ್ಟೂ ಈಗ ನನ್ನ ಒಂದೇ ಹೊಟ್ಟೆಯಲ್ಲಿತ್ತು, ಅದರ ಮೇಲೆ ನಿನ್ನೆಯ ಗಿಣ್ಣು ಬೇರೆ. ಒಂದು ಮಾತು ಆಡಿದ್ದರೆ ಮುದುಕಿಯ ಭಯ ಅಲ್ಲೇ ಹೋಗುತ್ತಿತ್ತು. ಆಡಿದರೆ ತಂಗಿಗೆ ದ್ರೋಹ. ಅವರ ಹರಕೆಯನ್ನು ತಂಗಿಗೆ ಹೇಳಿದರೆ ಇವರಿಗೆ ದ್ರೋಹ. ನಾನು ಗಿಣ್ಣು ತಿನ್ನಲು ಬಂದವಳು, ಇದೆಲ್ಲ ನನಗೆ ಯಾಕೆ ಬೇಕಿತ್ತೆಂದು ಸಿಟ್ಟೂ ಬಂತು.

ಮೇಲೆ ಇಳಿದಾಗ ಚಳಿಗೆ ಹಲ್ಲು ಕಟಕಟ ಎಂದವು. ಗುಡಿಯ ಗೋಪುರ ಅರ್ಧ ಕಾಣುತ್ತಿತ್ತು, ಅರ್ಧ ಮಂಜಿನಲ್ಲಿತ್ತು. ಪುಟ್ತಾಯಮ್ಮ ಕಾಲು ತೊಳೆಯಲು ಹೋದಾಗ ನಾನು ಸುಧಾಳನ್ನು ಪಕ್ಕಕ್ಕೆ ಎಳೆದು, ಆ ಕಡ್ಡಿಯ ವಿಷಯ ಅತ್ತೆಗೆ ಹೇಳಿಬಿಡು, ಈಗಲೇ ಹೇಳು ಎಂದೆ. ಯಾಕೆ ಎಂದಳು. ಯಾಕೆಂದು ಹೇಳಲಾಗುವುದಿಲ್ಲ ಎಂದೆ. ದೇವಸ್ಥಾನಕ್ಕೆ ಬಂದು ಜಗಳ ತೆಗೆಯಲು ತನಗೇನು ಹುಚ್ಚೇ ಎಂದು ಅವಳು ಸೆರಗು ಬಿಗಿದುಕೊಂಡು ಒಳಗೆ ನಡೆದಳು. ಚಿಕ್ಕಂದಿನಿಂದಲೂ ಅವಳು ಹೀಗೆಯೇ, ನನ್ನ ಮಾತು ಕೇಳಿದ್ದು ಕಡಿಮೆ.

ಒಳಗೆ ಮರದ ಕೆಳಗೆ ನಿಂತು ಕೊಳಲೂದುವ ಗೋಪಾಲಸ್ವಾಮಿ, ಸುತ್ತ ಹಸುಗಳು. ಬಾಗಿಲ ಮೇಲಿನಿಂದ ತಣ್ಣನೆಯ ನೀರು ಜಿನುಗುತ್ತಿತ್ತು. ಅರ್ಚಕರು ಅದನ್ನೇ ತೀರ್ಥವಾಗಿ ಚಿಮುಕಿಸಿದರು. ಪುಟ್ತಾಯಮ್ಮ ಕಣ್ಣು ಮುಚ್ಚಿ ತುಂಬ ಹೊತ್ತು ನಿಂತರು. ಹಿಂದಿನ ಸಾಲಿನವರು ತಳ್ಳಿದರೂ ಕದಲಲಿಲ್ಲ.

ಹೊರಗೆ ದೊನ್ನೆಯಲ್ಲಿ ಮೊಸರನ್ನದ ಪ್ರಸಾದ ಕೊಟ್ಟರು. ಪುಟ್ತಾಯಮ್ಮ ದೊನ್ನೆಯನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ದಾಟಿಸಿದರು. ಆಗ ಸುಧಾಳ ಮುಖ ಬದಲಾಯಿತು. ಹೊಟ್ಟೆಗೆ ಆಗದವರು ದೇವರ ಪ್ರಸಾದವನ್ನು ಒಂದು ಅಗುಳಾದರೂ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಂದು ಅಗುಳನ್ನೂ ಮುಟ್ಟದಿದ್ದರೆ ಅದು ಹೊಟ್ಟೆಯ ವಿಷಯವಲ್ಲ ಎಂಬುದು ಅವಳಿಗೆ ಹೊಳೆಯಿತು. ಅವಳು ನನ್ನನ್ನು ನೋಡಿದಳು. ನಾನು ಮೊಸರನ್ನ ತಿನ್ನುತ್ತಾ ಹೌದೆಂದು ತಲೆಯಾಡಿಸಿದೆ.

ಗುಡಿಯ ಹಿಂದಿನ ಕಲ್ಲುಗೋಡೆಯ ಮೇಲೆ ಅತ್ತೆಯನ್ನು ಕೂರಿಸಿ ಸುಧಾ ಎಲ್ಲವನ್ನೂ ಹೇಳಿದಳು. ಎರಡು ಬಗೆಯ ಕಡ್ಡಿ, ಬಣ್ಣ, ಬೆಳಕು, ಯಂತ್ರ, ಹತ್ತಕ್ಕೆ ಒಂಬತ್ತು. ಹಗ್ಗ ಹಿಡಿದು ಎಳೆದುಕೊಂಡು ಹೋದ ಗಂಡುಕರುಗಳು, ಚೆನ್ನಿಯ ಕೂಗು. "ತಪ್ಪಾಗಿದ್ರೆ ಬೈದ್ಬುಡಿ ಅತ್ತೆ" ಎಂದು ತಲೆ ಬಗ್ಗಿಸಿದಳು.

ಕೆಳಗೆ ಇಳಿಜಾರಿನಲ್ಲಿ ಮಂಜು ಸ್ವಲ್ಪ ಸರಿದು, ದೂರದ ಹುಲ್ಲಿನಲ್ಲಿ ಎರಡು ಆನೆಗಳು ಕಂಡವು. ಜನ ಅತ್ತ ಓಡಿದರು. ನಾವು ಮೂವರು ಅಲ್ಲೇ ಇದ್ದೆವು.

"ಅಂಗಾರೆ ಎಲ್ಡು ಸಲಾನೂವೆ ನೀನೇ ಎಣ್ಣು ಕೇಳಿ ಆಕುಸ್ದೆ?" ಎಂದರು ಪುಟ್ತಾಯಮ್ಮ.

"ಹೂಂ."

"ಅತ್ತರಲ್ಲಿ ಒಂಬತ್ತ ನೀನೇ ಮಡಿಕಂಡು, ಒಂದ ಅವನ್ಗೆ ಬುಟ್ಟಿದೀಯ. ಅಷ್ಟೇ ಜಾಗದಲ್ಲಿ ಗಂಡುಕರ ಕೊಡು ಅಂದ್ರೆ ಅವನಾದ್ರೂ ಎಲ್ಲಿಂದ ತಂದಾನವ್ವ ಪಾಪ."

ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜ ಕುಲುಕುತ್ತಿತ್ತು. ಸುಧಾ ಗಾಬರಿಯಾಗಿ ನನ್ನ ಕಡೆ ನೋಡಿದಳು. ಅವನ ಗುಡಿಯ ನೆರಳಿನಲ್ಲೇ ಹೇಳುವುದರಿಂದ ದೋಷವಿಲ್ಲ ಎಂದು ತೀರ್ಮಾನಿಸಿ ಪುಟ್ತಾಯಮ್ಮ ತಮ್ಮ ಹರಕೆಯನ್ನು ಸೊಸೆಗೂ ಹೇಳಿದರು. ಈಗ ಅಳುವ ಸರದಿ ಸುಧಾಳದಾಯಿತು. ಇಷ್ಟು ಕಾಲ ಅವರು ಕರೀಕಾಫಿ ಕುಡಿದದ್ದು ತನ್ನಿಂದ ಎಂದು ಅವಳಿಗೆ. ಅವಳಿಗೆ ಹೇಳದೆ ಹರಸಿಕೊಂಡದ್ದು ತಮ್ಮ ಅವಸರ ಎಂದು ಪುಟ್ತಾಯಮ್ಮನಿಗೆ. ಇಬ್ಬರೂ ತಪ್ಪನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾ ಕೂತಿದ್ದು ನೋಡಲು ಚೆನ್ನಾಗಿತ್ತು. ನಾನು ಎರಡನೆಯ ದೊನ್ನೆಯನ್ನೂ ಮುಗಿಸಿದೆ.

ನನ್ನದೂ ಒಂದು ಸಲಹೆ ಇರಲೆಂದು, ಹೆಣ್ಣಿಗೆ ಕಡ್ಡಿ ಇರುವ ಹಾಗೆ ಗಂಡಿಗೂ ಆರಿಸಿದ ಕಡ್ಡಿ ಇರಬಹುದು, ಲೋಕೇಶನನ್ನು ಕೇಳಿ ತರಿಸಿದರೆ ಹರಕೆ ಒಂದೇ ಏಟಿಗೆ ತೀರುತ್ತದೆ ಎಂದೆ. ಪುಟ್ತಾಯಮ್ಮ ನನ್ನನ್ನು ಕರುಣೆಯಿಂದ ನೋಡಿದರು.

"ಆಡ್ರು ಕೊಟ್ಟು ತರ್ಸಿದ್ದು ಕೊಟ್ರೆ ಅದು ಅರಕೆ ಅನ್ನುಸ್ಕತದಾ? ಅವ ಕೊಡ್ಬೇಕು, ನಾ ಬುಡ್ಬೇಕು."

ಕೊನೆಗೆ ಒಪ್ಪಂದವಾದದ್ದು ಹೀಗೆ. ಮುಂದಿನ ಸಲ ಚೆನ್ನಿಗೆ ಮಾಮೂಲಿ ಕಡ್ಡಿ. ಗಂಡು ಹುಟ್ಟಿದರೆ ಯಾರ ಹಗ್ಗಕ್ಕೂ ಕೊಡುವ ಮಾತಿಲ್ಲ, ಅದು ಊರ ಬಸವ. ಹೆಣ್ಣು ಹುಟ್ಟಿದರೆ ಅವನೇ ಆರಿಸಿದ್ದು, ಬೇಜಾರಿಲ್ಲ, ಅದರ ಮುಂದಿನ ಸಲ ಮತ್ತೆ ಮಾಮೂಲಿ ಕಡ್ಡಿ. ಚೆನ್ನಿಯ ಹೆಣ್ಣುಮಕ್ಕಳು ದೊಡ್ಡವಾದ ಮೇಲೆ ಅವಕ್ಕೆ ಆರಿಸಿದ ಕಡ್ಡಿ ಹಾಕಿಸಲು ಸುಧಾಳಿಗೆ ಪೂರ್ತಿ ಸ್ವಾತಂತ್ರ್ಯ. ಸೀಮೆಹಸುವಿನ ಹೊಟ್ಟೆಯ ಬಸವನಿಗೆ ಬೆನ್ನ ಮೇಲೆ ಡುಬ್ಬದಂಥ ಭುಜ ಇರುವುದಿಲ್ಲವಲ್ಲ ಎಂದು ನಾನು ಅನುಮಾನ ಎತ್ತಿದೆ. ಭುಜ ನೋಡಿ ಈಸಿಕೊಳ್ಳುವಷ್ಟು ಜುಗ್ಗನಲ್ಲ ಗೋಪಾಲಸ್ವಾಮಿ ಎಂದು ಪುಟ್ತಾಯಮ್ಮ ತಳ್ಳಿಹಾಕಿದರು. ಇಳಿಯುವ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು. ಲೇಸರ್ ಬೆಳಕಿನ ವಿಷಯವನ್ನು ಇನ್ನೊಂದು ಸಲ ಹೇಳು ಎಂದು ಅವರು ಕೇಳುತ್ತಿದ್ದುದು ಹಿಂದೆ ಕೂತ ನನಗೂ ಕೇಳಿಸಿತು.

ಸಂಜೆ ಮನೆ ಮುಟ್ಟಿದಾಗ ಪುಟ್ತಾಯಮ್ಮ ಮೊದಲು ಹೋದದ್ದು ಕೊಟ್ಟಿಗೆಗೆ. ಹಣೆಯ ಮೇಲೆ ಚುಕ್ಕೆಯಿದ್ದ ಆ ಕರುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದರ ಗಲ್ಲ ಹಿಡಿದು ಮುಖ ನೋಡಿದರು. ಹುಟ್ಟಿದ ಮೇಲೆ ಅವರು ಅದನ್ನು ಸರಿಯಾಗಿ ನೋಡಿದ್ದು ಆಗಲೇ ಇರಬೇಕು. ಆಮೇಲೆ ಕೈಕಾಲು ತೊಳೆದು ಒಳಗೆ ಬಂದು, ಗಿಣ್ಣು ಏನಾದರೂ ಉಳಿದಿದೆಯಾ ಎಂದು ಮೆಲ್ಲಗೆ ಕೇಳಿದರು.

ಸುಧಾ ನನ್ನ ಮುಖ ನೋಡಿದಳು. ಪಾತ್ರೆ ಖಾಲಿಯಾಗಿತ್ತು. ಅದನ್ನು ಖಾಲಿ ಮಾಡಿದವಳು ನಾನೇ. ಉಳಿದ ಹಾಲನ್ನೆಲ್ಲ ಬೆಳಿಗ್ಗೆ ಬೇಯಿಸಿ, ಮೈಸೂರಿಗೆ ಒಯ್ಯಲೆಂದು ನನ್ನ ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದಳು. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಆದರೂ ಎದ್ದು ಹೋಗಿ ಡಬ್ಬಿ ತಂದು, ಮುಚ್ಚಳ ತೆಗೆದು ಅವರ ಮುಂದಿಟ್ಟೆ.

ಪುಟ್ತಾಯಮ್ಮ ಮೊದಲ ತುಂಡನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಬೆಟ್ಟದ ಮೇಲೆ ದೇವರ ಮುಂದೆ ಮುಚ್ಚಿದ್ದಕ್ಕಿಂತ ಬಿಗಿಯಾಗಿ ಮುಚ್ಚಿದ್ದರು ಎಂದೇ ನನಗೆ ಕಂಡಿತು. ಬೆಲ್ಲ ಒಂಚೂರು ಮುಂದಾಗಿದೆ ಎಂದು ಸೊಸೆಗೆ ತಪ್ಪು ತೋರಿಸಿದರು. ನಿಧಾನವಾಗಿ, ಒಂದೊಂದೇ ತುಂಡು, ನನ್ನ ಕಡೆ ತಿರುಗಿಯೂ ನೋಡದೆ ತಿಂದರು. ಕೊನೆಗೆ ಬೆರಳಿನಿಂದ ಡಬ್ಬಿಯ ತಳ ಕೆರೆದರು. ನೋಡುತ್ತಾ ನೋಡುತ್ತಾ ನನ್ನ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಷ್ಟು ಸಂತೋಷವಾಗಿ ಯಾರಾದರೂ ಏನಾದರೂ ತಿಂದದ್ದನ್ನು ನಾನು ಇತ್ತೀಚೆಗೆ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಚಾಮರಾಜನಗರದ ಬಸ್ಸಿಗೆ ಬಿಡಲು ಇಬ್ಬರೂ ಸ್ಟಾಪಿಗೆ ಬಂದರು. ಡಬ್ಬಿ ಬರಿದಾಗಿ ಹೋಗಬಾರದೆಂದು ಸಣ್ಣ ಈರುಳ್ಳಿ ತುಂಬಿ ಕೊಟ್ಟಿದ್ದರು. ಸುಧಾ ಫೋನಿನಲ್ಲಿ ಲೋಕೇಶನಿಗೆ, ಚೆನ್ನಿ ಮುಂದಿನ ಸಲ ಬೆದೆಗೆ ಬಂದಾಗ ಮಾಮೂಲಿ ಕಡ್ಡಿಯೇ ತರಬೇಕೆಂದು ಹೇಳುತ್ತಿದ್ದಳು. ಅವನಿಗೆ ನಂಬಿಕೆಯಾಗದೆ ಮತ್ತೆ ಮತ್ತೆ ಕೇಳುತ್ತಿದ್ದನೆಂದು ಕಾಣುತ್ತದೆ. ಬಸ್ಸು ಬಂತು. ನನಗೆ ಕಿಟಕಿಯ ಪಕ್ಕವೇ ಸೀಟು ಸಿಕ್ಕಿತು. ಮುಂದಿನ ಸಲ ಏನು ಹುಟ್ಟಿತೆಂದು ಫೋನ್ ಮಾಡಿ, ಗಂಡಾದರೆ ಬಸವನನ್ನು ನೋಡಲು ಬರುತ್ತೇನೆ ಎಂದು ಕಿಟಕಿಯಿಂದ ಕೂಗಿ ಹೇಳಿದೆ. ಬಸ್ಸು ಹೊರಟಿತ್ತು. ಪುಟ್ತಾಯಮ್ಮ ನಾಲ್ಕು ಹೆಜ್ಜೆ ಜೊತೆಗೇ ನಡೆದು ಬಂದರು.

"ಗಂಡಾದ್ರೂ ಬಾ, ಎಣ್ಣಾದ್ರೂ ಬಾ ಕಣವ್ವ. ಗಿಣ್ಣು ಒಂದೇಯ."